ಉಡಿ ತುಂಬುವವರ ಸಾಲು

ಅತ್ತೆ ಈಗೀಗ ಕುಂಕುಮ ಇಟ್ಟುಕೊಳ್ಳುವಾಗ ದೇವರಮನೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಚಿಲಕ ಹಾಕುವುದಿಲ್ಲ, ಹಾಕಿದರೆ ಸಪ್ಪಳವಾಗುತ್ತದೆ. ಕದ ಚೌಕಟ್ಟಿಗೆ ತಾಗುವ ಮೆತ್ತಗಿನ ಸದ್ದನ್ನು ತುಂಗಾ ಅಡಿಗೆಮನೆಯಲ್ಲಿ ಕೂತು ಕೇಳುತ್ತಾಳೆ, ಕೇಳಿಸದವಳ ಹಾಗೆ ಒಲೆ ಊದುತ್ತಾಳೆ. ಸ್ವಲ್ಪ ಹೊತ್ತಿಗೆ ಅಹಲ್ಯಾಬಾಯಿ ಹೊರಗೆ ಬರುತ್ತಾರೆ. ಹಣೆಯ ಮೇಲೆ ಹಸಿ ಕುಂಕುಮ, ಮೂಗಿನ ಮೇಲೆ ಉದುರಿದ ಒಂದು ಕಣ. ಸೊಸೆಯ ಮುಖ ನೋಡದೆ ಹಾಲು ಬಂತೇನು, ಮಾವನವರ ಮಡಿಪಂಚೆ ಒಣಗಿತೇನು ಎಂದು ಏನನ್ನಾದರೂ ಕೇಳುತ್ತಾರೆ. ಮೊದಮೊದಲು ತುಂಗಾ ಇದನ್ನು ಕರುಣೆ ಎಂದುಕೊಂಡಿದ್ದಳು. ಅರವತ್ತು ದಾಟಿದ ಹೆಂಗಸು ತನ್ನದೇ ಮನೆಯಲ್ಲಿ, ಗಂಡ ಪಡಸಾಲೆಯಲ್ಲಿ ಕೂತು ಕೆಮ್ಮುತ್ತಿರುವಾಗ, ಕದ್ದು ತಿನ್ನುವವಳ ಹಾಗೆ ಕುಂಕುಮ ಇಟ್ಟುಕೊಳ್ಳಬೇಕಾಗಿ ಬಂದದ್ದು ತನ್ನಿಂದ ಎಂಬುದು ಆಮೇಲೆ ಹೊಳೆಯಿತು. ಬಾಗಿಲು ತೆರೆದೇ ಇರಲಿ ಅತ್ಯಾ ಎಂದು ಹೇಳಬೇಕೆನಿಸುತ್ತಿತ್ತು. ಹೇಳಿದರೆ ಇಷ್ಟು ದಿನ ಆ ಸದ್ದು ಕೇಳಿದ್ದೇನೆ ಎಂದು ಒಪ್ಪಿಕೊಂಡಂತಾಗುತ್ತಿತ್ತು.

ಮಹಿಳಾ ಮಂಡಳದ ಅಧ್ಯಕ್ಷೆ ಜಯಾಬಾಯಿ ಬಂದದ್ದು ಅಂಥ ಒಂದು ಬೆಳಿಗ್ಗೆ, ಅತ್ತೆ ಆಗಷ್ಟೇ ಹೊರಗೆ ಬಂದಿದ್ದರು. ಜಯಾಬಾಯಿ ವಕೀಲರ ಹೆಂಡತಿ. ಮಾನ್ವಿಯಲ್ಲಿ ಯಾವುದಾದರೂ ಶುರುವಾಗಬೇಕಾದರೆ ಅವರ ಚಪ್ಪಲಿ ಮೊದಲು ನಾಲ್ಕು ಮನೆ ಸುತ್ತಬೇಕು. ಸಿಂಧನೂರಿನ ಆಚೆ ಕ್ಯಾಂಪುಗಳಲ್ಲಿ ಇರುವ ಬಂಗಾಲಿ ನಿರಾಶ್ರಿತರನ್ನು ಹೈಸ್ಕೂಲಿಗೆ ಕರೆಸಿ ಒಂದು ಕಾರ್ಯಕ್ರಮ ಮಾಡುವುದು, ಅವರ ಹಾಡು, ಅವರ ಕುಣಿತ, ಕೊನೆಗೆ ಅವರ ಹೆಣ್ಣುಮಕ್ಕಳಿಗೆ ಉಡಿ ತುಂಬುವುದು ಎಂದು ಅವರು ಹೇಳಿದರು. "ಊರು ಬಿಟ್ಟು ಬಂದವ್ರಿಗೆ ತವರುಮನಿ ಯಾವುದ್ರೀ ಅಹಲ್ಯಾಬಾಯಿ? ಮುಳುಗಿದ್ದು ಮುಳುಗಿತು, ಸುಟ್ಟದ್ದು ಸುಟ್ಟಿತು. ನಾವ ಅವ್ರ ತವರು ಅಂತ ತಿಳಕೊಂಡು ಒಂದೀಟು ಅಕ್ಕಿ, ಒಂದು ಕಾಯಿ, ಒಂದು ಖಣ ಸೆರಗಿನಾಗ ಹಾಕೋಣು." ಹೇಳುವಾಗ ಅವರ ಕಣ್ಣು ನಿಜವಾಗಿಯೂ ತುಂಬಿದ್ದವು. ತುಂಗಾಗೆ ಜಯಾಬಾಯಿಯ ಮೇಲೆ ಸಿಟ್ಟು ಬರಲು ಕಾರಣವೇ ಸಿಗುತ್ತಿರಲಿಲ್ಲ, ಅದೇ ಕಷ್ಟ.

"ನೀ ಧಾರವಾಡದಾಗ ಎಂ.ಎ. ಮಾಡಿದಾಕಿ, ಹಿಂದೀನೂ ಬರ್ತದ. ಅವ್ರ ಬಗ್ಗೆ ನಾಕು ಮಾತು ಬರಕೊಡು ತುಂಗಾ. ನಾ ಓದ್ತೀನಿ."

"ಆಗಲ್ರೀ."

"ಮತ್ತ ಪರದೆ ಹಿಂದ ಒಬ್ಬರು ಬೇಕು. ಯಾರು ಮುತ್ತೈದಿ, ಯಾರು ಅಲ್ಲ ಅಂತ ನೋಡಿ ಸಾಲು ಹಚ್ಚಿ ಕಳಸಬೇಕು. ನಾವೆಲ್ಲಾ ತಾಟು ಹಿಡಕೊಂಡು ಸ್ಟೇಜಿನ ಮ್ಯಾಲೆ ಇರ್ತೀವಿ. ನೀ ಹ್ಯಾಂಗೂ..."

ಜಯಾಬಾಯಿ ನಾಲಗೆ ಕಚ್ಚಿಕೊಂಡರು. ಆ ಅರ್ಧ ಮಾತು ಅಲ್ಲಿಯೇ ನಿಂತುಕೊಂಡಿತು. ಅದನ್ನು ಯಾರಾದರೂ ಎತ್ತಲೇಬೇಕಾಗಿತ್ತು. "ಹ್ಯಾಂಗೂ ಖಾಲಿ ಇರ್ತಾಳ" ಎಂದು ಅತ್ತೆ ಎತ್ತಿದರು. ಮೂವರೂ ನಕ್ಕರು. ತುಂಗಾ ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕಳು.

ಬರೆದುಕೊಟ್ಟದ್ದು ಒಂದು ಪುಟ. ಜಯಾಬಾಯಿ ಅಂಗಳದಲ್ಲಿ ನಿಂತೇ ಓದಿ, "ಛಲೋ ಅದ, ಖರೇ ಭಾಳ ದುಃಖದ್ದಾತು. ಸಂಭ್ರಮಕ್ಕ ಕರದು ಅಳಿಸಿ ಕಳಸೋದೇನು?" ಎಂದು 'ಕಳೆದುಕೊಂಡವರು' ಎಂಬ ಕಡೆಯಲ್ಲೆಲ್ಲ 'ನಮ್ಮ ಅತಿಥಿಗಳು' ಎಂದು ಮಾಡಿಸಿದರು. ತಿದ್ದುವಾಗ ತುಂಗಾಗೆ ಏನೂ ಅನಿಸಲಿಲ್ಲ. ಏನೂ ಅನಿಸದೇ ಇರುವುದು ಅವಳಿಗೆ ರೂಢಿಯಾಗಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಗಂಡ ಪ್ರಾಣೇಶನ ಕಣ್ಣು, ಉಗುರು ಎಲ್ಲ ಅರಿಷಿಣದಂತಾಗಿ ಕೊನೆಗೆ ಉಸಿರು ಸಹ ಹಳದಿಯಾಗಿದೆಯೋ ಎಂಬಂತೆ ಬಾಯಿ ತೆರೆದು ಮಲಗಿದ್ದಾಗಲೂ ಅನಿಸಿರಲಿಲ್ಲ. ಕಾಲುವೆ ಕೆಲಸದ ಓವರ್‌ಸಿಯರ್ ಅವನು. ಬಿಸಿಲಿನಲ್ಲಿ ನಿಂತು ನಿಂತು ಕಪ್ಪಾದ ಮುಖ, ಟೋಪಿ ಇರುತ್ತಿದ್ದಲ್ಲಿ ಮಾತ್ರ ಬೆಳ್ಳಗೆ ಒಂದು ಪಟ್ಟಿ. ಮದುವೆಯಾದ ಹೊಸತರಲ್ಲಿ ಅವಳು ಆ ಪಟ್ಟಿಯ ಮೇಲೆ ಬೆರಳಿಟ್ಟು ಇದು ನಿಮ್ಮ ಖರೇ ಬಣ್ಣ ಎಂದಿದ್ದಳು. ಸತ್ತಾಗ ಆ ಪಟ್ಟಿಯೂ ಮುಖವೂ ಒಂದೇ ಬಣ್ಣವಾಗಿದ್ದವು. ಅವಳು ಅದನ್ನು ಗಮನಿಸಿದಳು. ಅಷ್ಟೇ.

ಕಾರ್ಯಕ್ರಮದ ಮಧ್ಯಾಹ್ನ ಲಾರಿ ಬಂದು ಹೈಸ್ಕೂಲಿನ ಬೇವಿನ ಮರದ ಕೆಳಗೆ ನಿಂತಾಗ ಮೊದಲು ಇಳಿದದ್ದು ಧೂಳು. ಆಮೇಲೆ ಗಂಡಸರು, ಒಂದು ಮೃದಂಗದಂಥ ವಾದ್ಯ, ಆಮೇಲೆ ಹೆಂಗಸರು. ಶಾಲೆಯ ಆಯಾ ಗೋಪಮ್ಮ ಕಸಬರಿಗೆ ಹಿಡಿದುಕೊಂಡೇ ನೋಡಿದಳು.

"ಯವ್ವಾ, ಎಲ್ಲಾರೂ ಬಿಳಿ ಸೀರಿ ಉಟಗೊಂಡು ಬಂದಾರಲ್ರೀ! ಹಂಗಾರ ಆ ಗಂಡಸ್ರು ಇಳ್ಯಾಕತ್ತಾರಲ್ಲ, ಅವ್ರೆಲ್ಲಾ ಯಾರ ಗಂಡಂದ್ರು?"

ಜಯಾಬಾಯಿಯ ಮುಖ ಬಿಳಿಚಿಕೊಂಡಿತು. ತಾಟುಗಳಲ್ಲಿ ಹಸಿರು ಖಣ, ಕಾಯಿ, ಅರಿಷಿಣದ ಬೇರು ಸಿದ್ಧವಾಗಿದ್ದವು. ಇಳಿಯುತ್ತಿದ್ದವರ ಕೊರಳಲ್ಲಿ ತಾಳಿಯಿಲ್ಲ, ಕರಿಮಣಿಯಿಲ್ಲ, ಕಾಲುಬೆರಳಲ್ಲಿ ಉಂಗುರವಿಲ್ಲ. ಜಯಾಬಾಯಿ ತುಂಗಾಳ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಇದೇನವ್ವಾ, ಎಲ್ಲಾರೂ ಹಂಗ ಅದಾರೇನು?"

'ಹಂಗ' ಎಂದಾಗ ಅವರ ಕಣ್ಣು ತುಂಗಾಳ ಸೀರೆಯ ಮೇಲೆ ಬಂದು ಹೋಯಿತು. "ಇಲ್ರೀ ಜಯಕ್ಕಾ. ಅವ್ರಲ್ಲಿ ಬಿಳಿ ಸೀರಿಗೆ ಕೆಂಪು ಅಂಚು ಅಂದ್ರ ಶುಭದ್ದು. ಬೈತಲಿ ನೋಡ್ರಿ, ಸಿಂಧೂರ ಅದ. ಕೈಯಾಗ ಶಂಖದ ಬಳಿ ಅವ. ಅವು ಇದ್ದವ್ರು ಮುತ್ತೈದೇರು."

"ತಾಳಿ ಇಲ್ದ ಮದಿವಿ ಹ್ಯಾಂಗ ನಿಲ್ತದೋ ಏನೋ" ಎಂದು ಗೋಪಮ್ಮ ಕಸ ಗುಡಿಸಲು ಹೋದಳು. ಜಯಾಬಾಯಿ ನಿಟ್ಟುಸಿರಿಟ್ಟು, "ನೀ ಇದ್ದದ್ದು ಭಾಳ ಛಲೋ ಆತು. ಪೂರಾ ನಿನ್ನ ಮ್ಯಾಲೆ ಬಿಟ್ಟೀನಿ. ನೀ ಕಳಿಸಿದವ್ರಿಗೆ ನಾ ತುಂಬ್ತೀನಿ" ಎಂದರು. ತುಂಗಾ ಪರೀಕ್ಷೆಯಲ್ಲಿ ಒಂದು ಉತ್ತರ ಸರಿಯಾಗಿ ಬರೆದವಳಂತೆ ನಿಂತಳು. ಮದುವೆಯ ಗುರುತುಗಳೆಲ್ಲ ಅವಳಿಗೆ ಗೊತ್ತಿದ್ದವು, ಯಾವ ಸೀಮೆಯಲ್ಲಿ ಯಾವುದು ಎಂದು.

ಸಭಾಂಗಣ ಎಂದರೆ ಎರಡು ಕ್ಲಾಸುರೂಮಿನ ನಡುವಿನ ತಡಿಕೆ ತೆಗೆದದ್ದು. ವೇದಿಕೆಗೆ ಅಡ್ಡ ಒಂದು ಜಮಖಾನೆ ಇಳಿಬಿಟ್ಟಿದ್ದರು, ಅದೇ ಪರದೆ. ಪರದೆಯ ಹಿಂದೆ ಒಂದು ಬೆಂಚು, ನೀರಿನ ಕೊಡ, ಹೆಚ್ಚಿಗೆ ಉಳಿದ ಒಂದು ತಾಟು. ಜಯಾಬಾಯಿ ಓದುತ್ತಿರುವುದು ಈಚೆಗೆ ಕೇಳುತ್ತಿತ್ತು. ತನ್ನದೇ ವಾಕ್ಯಗಳು ಬೇರೆಯವರ ದನಿಯಲ್ಲಿ ಎಷ್ಟು ಆರೋಗ್ಯವಾಗಿವೆ ಎಂದು ತುಂಗಾ ಅಂದುಕೊಂಡಳು. ಆಮೇಲೆ ಗಂಡಸರು ದೋಣಿ ನಡೆಸುವವರ ಹಾಡೊಂದನ್ನು ಹಾಡಿದರು. ಒಂದು ಸಾಲನ್ನು ಎಷ್ಟೋ ದೂರ ಎಳೆದು, ಇನ್ನು ಉಸಿರಿಲ್ಲ ಎಂಬಲ್ಲಿ ಇನ್ನೂ ಎಳೆಯುವ ಹಾಡು. ಇಲ್ಲಿ ಹೊಳೆಗೆ ಹರಗೋಲು ಹಾಕುತ್ತಾರೆ, ಅದು ನಿಂತಲ್ಲಿಯೇ ತಿರುಗುತ್ತ ದಾಟುತ್ತದೆ. ಅದಕ್ಕೆ ಇಷ್ಟು ಉದ್ದದ ಹಾಡು ಬೇಕಾಗಿಲ್ಲ. ಹೊಳೆದಂಡೆಯ ಚೀಕಲಪರ್ವಿಗೆ ಹೋದಾಗ ಪ್ರಾಣೇಶ ಅವಳನ್ನು ಹರಗೋಲಿನಲ್ಲಿ ಕೂರಿಸಿದ್ದ. ತಲೆ ತಿರುಗಿ ಅವನ ಅಂಗಿ ಹಿಡಿದಿದ್ದಳು. ಅಂಗಿಯ ಬಟ್ಟೆ ನೆನಪಿದೆ, ಒರಟು ಖಾಕಿ. ಹಿಡಿದದ್ದು ಯಾವ ಕೈ ಎಂದು ನೆನಪಿಲ್ಲ.

ಸಾಲು ಹಚ್ಚುವ ಕೆಲಸ ಅವಳು ಹೆದರಿದಷ್ಟು ಇರಲಿಲ್ಲ. ಅಂಚಿಲ್ಲದ ಬಿಳಿ ಸೀರೆಯ ಮುದುಕಿಯರು ತಾವಾಗಿಯೇ ಗೋಡೆ ಹಿಡಿದು ಬೇರೆ ಕೂತಿದ್ದರು. ಎಲ್ಲಿ ಕೂಡಬೇಕೆಂದು ಅವರಿಗೂ ಯಾರೂ ಹೇಳಬೇಕಾಗಿರಲಿಲ್ಲ. ಉಳಿದವರನ್ನು ಒಬ್ಬೊಬ್ಬರನ್ನಾಗಿ ಮುಂದೆ ಬಿಡುತ್ತ ಬಂದಾಗ, ಒಬ್ಬ ಎಳೆಯ ಹೆಂಗಸಿನ ಸೆರಗನ್ನು ಆ ಮುದುಕಿಯರಲ್ಲಿ ಒಬ್ಬಳು ಕೂತಲ್ಲಿಂದಲೇ ಹಿಡಿದು ಎಳೆದಳು. "ಇವಳನ್ನು ಕಳಿಸಬೇಡ ಮಗಳೇ" ಎಂದು ಮುದುಕಿ ಮುರುಕು ಹಿಂದಿಯಲ್ಲಿ ಹೇಳಿದಳು. "ನನ್ನ ಸೊಸೆ. ಅವನು ಇಲ್ಲ."

"ಅದಾನ್ರೀ!" ಎಂದಳು ಸೊಸೆ. ಹಿಂದಿಯಲ್ಲಲ್ಲ, ಗದ್ದೆಯಲ್ಲಿ ಕಳೆ ಕೀಳುವವರ ಕನ್ನಡದಲ್ಲಿ. ತುಂಗಾ ಬೆಚ್ಚಿದಳು. "ನಂದು ಗಂಡ ಅದಾನ. ಬರ್ತಾನ. ನಿಮ್ಮ ಮಂದಿ ಸಂಗಟ ಕೂಲಿ ಮಾಡಿ ಮಾತು ಕಲ್ತೀನ್ರೀ ನಾನು, ಎಲ್ಲಾ ತಿಳಿತದ. ಇಕಿ ತಾಯಿ ಆಗಿ ಹಿಂಗ ಅಂತಾಳ, ನೋಡ್ರಿ ನೀವ."

ಹೆಸರು ಮಿನತಿ. ಯುದ್ಧ ಮುಗಿದು ಅತ್ತ ಹೊಸ ದೇಶವಾದಾಗ, ಅಲ್ಲಿಯೇ ಉಳಿದ ಅಕ್ಕನನ್ನು ಕರೆದುಕೊಂಡು ಬರುತ್ತೇನೆಂದು ಹೋದ ಗಂಡ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ವರ್ಷಗಳಾದವು. ಮಗನಿಗಾಗಿ ಮುದುಕಿ ಅತ್ತು ಮುಗಿಸಿದ್ದಳು. ಸೊಸೆ ಅಳಲು ಒಪ್ಪಿರಲಿಲ್ಲ. ಮನೆಯಲ್ಲಿ ದಿನಾ ಇದೇ ಜಗಳವಂತೆ. ಮುದುಕಿ ದಣಿದಂತಿದ್ದಳು. ತುಂಗಾಳನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ನೀನು ಓದಿದವಳು. ಇಲ್ಲಿನವಳು. ನೀನೇ ಹೇಳು" ಎಂದಳು. "ನಿಮ್ಮವರು ಇವಳ ಸೆರಗು ತುಂಬಿದರೆ ನಾನು ಇನ್ನು ಬಾಯಿ ತೆರೆಯುವುದಿಲ್ಲ. ತುಂಬದಿದ್ದರೆ ಮನೆಗೆ ಹೋಗಿ ಆ ಶಂಖ ತೆಗೆಯಬೇಕು."

"ಆತ್ರೀ. ಅಕ್ಕಾರು ಹೇಳಲಿ" ಎಂದಳು ಮಿನತಿ. ಅವಳ ದನಿಯಲ್ಲಿ ಅನುಮಾನವೇ ಇರಲಿಲ್ಲ. ಬೈತಲೆಯ ಸಿಂಧೂರ ಬೆವರಿಗೆ ಇಳಿದು ಹಣೆಯ ಮೇಲೆ ಒಂದು ಗೆರೆಯಾಗಿತ್ತು.

ಹೋಗು ಎನ್ನುವುದು ಒಂದು ಮಾತು. ಕೈ ಬೀಸಿದರೂ ಸಾಕಿತ್ತು. ಪರದೆಯ ಆಚೆ ಜಯಾಬಾಯಿ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಬಂದ ಸೆರಗಿಗೆಲ್ಲ ಅಕ್ಕಿ ಹಾಕುತ್ತಿದ್ದರು, ಒಬ್ಬೊಬ್ಬರಿಗೆ ಹಾಕಿದಾಗಲೂ ಬಂಗಾಲಿ ಹೆಂಗಸರು ನಾಲಗೆ ಹೊರಳಿಸಿ ಉಲುಲು ಎಂದು ಕೂಗುತ್ತಿದ್ದರು, ಶಾಲೆಯ ಹುಡುಗರು ಅದನ್ನು ಅಣಕಿಸಿ ನಗುತ್ತಿದ್ದರು. ತುಂಗಾ ಮಿನತಿಯ ಕೈ ನೋಡಿದಳು. ಶಂಖದ ಬಳೆ ಹಳದಿಗೆ ತಿರುಗಿತ್ತು, ಒಂದು ಕಡೆ ಸಣ್ಣಗೆ ಸೀಳಿತ್ತು, ಸೀಳಿಗೆ ದಾರ ಸುತ್ತಿದ್ದಳು. ದಾರ ಸುತ್ತಿ ಉಳಿಸಿಕೊಂಡಿದ್ದಾಳೆ. ತಾನು ಏನನ್ನೂ ಉಳಿಸಿಕೊಳ್ಳಲು ನೋಡಲಿಲ್ಲ. ಬಳೆ ಒಡೆಯಲು ಬಂದವರನ್ನು ಅತ್ತೆಯೇ ತಡೆದರು, ಅದು ಬ್ಯಾಡ, ಇನ್ನ ಎಳಿ ಹುಡುಗಿ ಎಂದು ಅತ್ತರು. ಆಗ ತುಂಗಾ ಇರಲಿ ಬಿಡ್ರಿ ಅತ್ಯಾ ಎಂದು ತಾನೇ ಒಂದೊಂದಾಗಿ ಕಳಚಿ ಅಟ್ಟದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದ್ದಳು, ಸಂಜೆ ಸಾಮಾನು ಎತ್ತಿಡುವ ಹಾಗೆ. ಎಲ್ಲರೂ ಎಂಥ ಗಟ್ಟಿ ಹುಡುಗಿ ಎಂದರು.

"ಸ್ವಲ್ಪ ನಿಲ್ಲು" ಎಂದು ತನ್ನ ಬಾಯಿ ಹೇಳಿದ್ದು ಅವಳಿಗೆ ಕೇಳಿಸಿತು. "ಕಡೀಕ ಕಳಸ್ತೀನಿ."

ಮಿನತಿ ತಲೆಯಾಡಿಸಿ ಪಕ್ಕಕ್ಕೆ ಬಂದು ನಿಂತಳು. ಮೈಯಿಂದ ಸಾಸಿವೆ ಎಣ್ಣೆಯ ವಾಸನೆ, ಲಾರಿಯ ಡೀಸೆಲ್ಲು. ಭುಜಕ್ಕೆ ಭುಜ ಹೆಚ್ಚುಕಡಿಮೆ ತಾಗುತ್ತಿತ್ತು. ಒಂದೇ ಕಡೆ ಮುಖ ಮಾಡಿ, ಒಂದೇ ಜಮಖಾನೆಯ ಹಿಂಬದಿಯನ್ನು ನೋಡುತ್ತ ಇಬ್ಬರು ನಿಂತಿದ್ದರು. ಇದು ಎಷ್ಟು ದಿನಗಳ ಮೇಲೆ ಎಂದು ತುಂಗಾ ಯೋಚಿಸಿದಳು. ಮನೆಗೆ ಬಂದವರೆಲ್ಲ ಎದುರಿಗೆ ಕೂಡುತ್ತಾರೆ. ಪಕ್ಕದಲ್ಲಿ ಯಾರೂ ಕೂಡುವುದಿಲ್ಲ. ಆ ಬಿಸುಪಿಗೆ, ತವರಲ್ಲಿಯೂ ಹೇಳದ್ದು, ಡಾಕ್ಟರರಿಗೂ ಅತ್ತೆಗೂ ಹೇಳದ್ದು, ತಾನಾಗಿ ಹೊರಗೆ ಬಂತು.

"ನನ್ನ ಮನಿಯವ್ರು ದವಾಖಾನ್ಯಾಗ ಹೋದ್ರು. ನಾ ಬಾಜೂಕ ಕೂತಿದ್ದೆ. ಅವ್ರಿಗಂತ ತಂದ ಬನ್ನು ಹಂಗ ಇತ್ತು. ನಂಗ ಹಸಿವಾಗಿತ್ತು. ತಿಂದೆ. ಆಮ್ಯಾಲೆ ಮಾವನವ್ರನ್ನ ಕರದೆ."

ಮಿನತಿ ತಿರುಗಿ ನೋಡಿದಳು. ಅವಳಿಗೆ ಅಸಹ್ಯ ಬರುತ್ತದೆ ಎಂದುಕೊಂಡಿದ್ದಳು ತುಂಗಾ, ಬರಲಿಲ್ಲ. ಮಿನತಿಯ ಮುಖದಲ್ಲಿ ಇದ್ದದ್ದು ಆಸೆ, ಹಸಿದವಳು ಬೇರೆಯವರ ಎಲೆ ನೋಡುವಂಥ ಆಸೆ. "ನೀವು ನೋಡೀರಲ್ರೀ ಅಕ್ಕಾರ" ಎಂದಳು. "ಕಣ್ಣಿಲೆ ನೋಡೀರಿ. ನಿಮ್ದು ಮುಗದದ. ನಂದು ಮುಗದಿಲ್ರೀ."

ಅವಳು ಅದನ್ನು ಸಮಾಧಾನ ಎಂದು ಹೇಳಿದಳೋ, ಬೇಲಿ ಎಂದು ಹೇಳಿದಳೋ ತಿಳಿಯಲಿಲ್ಲ. ಸಾಲು ಕರಗುತ್ತಿತ್ತು. ಉಡಿ ತುಂಬಿಸಿಕೊಂಡವರು ಸೆರಗಿನ ಗಂಟನ್ನು ಮಗುವಿನಂತೆ ಹೊಟ್ಟೆಗೆ ಒತ್ತಿಕೊಂಡು ಆ ಬದಿಯಿಂದ ಇಳಿದು ಹೋಗುತ್ತಿದ್ದರು. ಹೋಗುವಾಗ ಒಬ್ಬೊಬ್ಬರೂ ಪರದೆಯ ಸಂದಿಯಿಂದ ಮಿನತಿಯನ್ನು ನೋಡುತ್ತಿದ್ದರು, ನೋಡಿ ಮುದುಕಿಯನ್ನು ನೋಡುತ್ತಿದ್ದರು. ಮಿನತಿ ಎರಡು ಸಲ ಮುಂದೆ ಹೆಜ್ಜೆ ಇಟ್ಟಳು. ಎರಡು ಸಲವೂ ತುಂಗಾ, "ಇನ್ನೊಬ್ಬಾಕಿ ಹೋಗಲಿ" ಎಂದಳು. ಕೊನೆಯವಳೂ ಹೋದಳು. ಈಗ ಎಂದುಕೊಂಡಳು ತುಂಗಾ, ಈಗ ಕಳಿಸಬೇಕು. ಕಳಿಸಿದರೆ ಈ ಬದಿಯಲ್ಲಿ ತಾನೊಬ್ಬಳೇ. ಆಚೆ ಜಯಾಬಾಯಿ ಹೆಡ್‌ಮಾಸ್ತರರಿಗೂ ಲಾರಿ ಕೊಟ್ಟ ಸಾಹುಕಾರರಿಗೂ ಧನ್ಯವಾದ ಹೇಳಲು ಶುರುಮಾಡಿದ್ದರು.

ಗೋಡೆಯ ಬದಿಯಿಂದ ಮುದುಕಿ ಎದ್ದಳು. ಮೊಣಕಾಲು ಹಿಡಿದು, ಒಂದು ಕೈ ನೆಲಕ್ಕೆ ಊರಿ, ನಿಧಾನವಾಗಿ ಎದ್ದಳು. ಗೆದ್ದವಳ ಹಾಗೆ ಇರಲಿಲ್ಲ. ಬಂದು ಸೊಸೆಯ ಮಣಿಕಟ್ಟು ಹಿಡಿದಳು, ದಾರ ಸುತ್ತಿದ ಜಾಗದಲ್ಲಿ, ಬಲು ಮೆತ್ತಗೆ. ತನ್ನ ಭಾಷೆಯಲ್ಲಿ ಒಂದು ಮಾತು ಹೇಳಿದಳು. ಮಿನತಿಯ ಬಾಯಿ ಅಳುವ ಮಗುವಿನ ಬಾಯಿಯಂತೆ ಚೌಕವಾಯಿತು. ಅವಳು ಮುದುಕಿಯನ್ನು ನೋಡಲಿಲ್ಲ. ತುಂಗಾಳನ್ನು ನೋಡಿದಳು. "ಕಡೀಕ ಅಂದ್ರೆಲ್ರೀ" ಎಂದಳು. "ಕಡೀಕ ಕಳಸ್ತೀನಿ ಅಂದ್ರಿ."

ತುಂಗಾಳ ಒಳಗೆ ಏನೋ ಜರಿಯಿತು. ಎರಡು ವರ್ಷದಿಂದ ಅಲುಗಾಡದೇ ಇದ್ದದ್ದು. ಅವಳು ಗಾಬರಿಯಿಂದ ಸುತ್ತ ನೋಡಿ ಬೆಂಚಿನ ಬಳಿಯಿದ್ದ ಹೆಚ್ಚಿನ ತಾಟನ್ನು ಎತ್ತಿಕೊಂಡಳು. ಕುಂಕುಮದ ಭರಣಿ ಉರುಳಿ ಅಕ್ಕಿಯೆಲ್ಲ ಕೆಂಪಾಯಿತು. "ಹಿಡಿ, ಸೆರಗು ಹಿಡಿ. ನಾನ ತುಂಬ್ತೀನಿ. ಎಲ್ಲಿ ತುಂಬಿದ್ರ ಏನು, ಹಿಡಿ" ಎಂದು ತಾಟನ್ನು ಬೆಂಚಿನ ಮೇಲಿಟ್ಟು ಬೊಗಸೆಯಲ್ಲಿ ಅಕ್ಕಿ ತೆಗೆದಳು. ಬೆರಳ ತುದಿಗೆ ಕುಂಕುಮ ಹತ್ತಿತ್ತು. ಅದನ್ನು ಮುಟ್ಟದೆ ಎರಡು ವರ್ಷವಾಗಿತ್ತು. ಅದರ ನುಣುಪು ಅವಳಿಗೆ ಮರೆತುಹೋಗಿತ್ತು.

ಮಿನತಿ ಒಂದು ಹೆಜ್ಜೆ ಹಿಂದೆ ಸರಿದಳು. ಸೆರಗನ್ನು ಎದೆಗೆ ಒತ್ತಿಕೊಂಡಳು. ಅವಳ ಕಣ್ಣು ತುಂಗಾಳ ಬೆರಳಿನಿಂದ ಬರಿಗೈಗೆ, ಕೈಯಿಂದ ಕೊರಳಿಗೆ, ಅಲ್ಲಿಂದ ಹಣೆಗೆ ಹತ್ತಿ ನಿಂತಿತು.

"ನಿಮ್ಮ ಕೈಲೆ ಬ್ಯಾಡ್ರೀ ಅಕ್ಕಾರ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವಂತೆ ಕೈ ಮುಗಿದಳು. "ಅವ ಜೀವಂತ ಅದಾನ. ಬ್ಯಾಡ್ರೀ."

ಮುದುಕಿಯ ಹಿಡಿತದಿಂದ ಮಣಿಕಟ್ಟು ಬಿಡಿಸಿಕೊಂಡು ಮಿನತಿ ಜಮಖಾನೆಯನ್ನು ತಾನೇ ಎತ್ತಿ ಆಚೆ ಹೋದಳು. ಧನ್ಯವಾದದ ಮಾತು ನಿಂತಿತು. ಸಂದಿಯಿಂದ ತುಂಗಾಗೆ ಕಂಡದ್ದು ಇಷ್ಟೇ: ವೇದಿಕೆಯ ನಟ್ಟನಡುವೆ ಬೆನ್ನು ಮಾಡಿ ನಿಂತವಳು, ಎರಡೂ ಕೈಯಲ್ಲಿ ಅಗಲವಾಗಿ ಚಾಚಿದ ಸೆರಗು, ಎದುರಿಗೆ ತಬ್ಬಿಬ್ಬಾದ ಜಯಾಬಾಯಿ. "ನಾ ಒಬ್ಬಾಕಿ ಉಳದೀನಿ ಯವ್ವಾ" ಎಂದು ಮಿನತಿ ಇಡೀ ಸಭೆಗೆ ಕೇಳುವಂತೆ ಹೇಳಿದಳು. "ಅಯ್ಯ, ಬಾ ನನ ತಾಯಿ!" ಎಂದು ಜಯಾಬಾಯಿ ಗಡಬಡಿಸಿ ತಾಟು ಎಳೆದುಕೊಂಡರು. ತಾಟಿನಲ್ಲಿ ಕಾಯಿ ಉಳಿದಿರಲಿಲ್ಲ. ಅಕ್ಕಿ ಹಾಕಿದರು, ಖಣ ಹಾಕಿದರು, ಅತ್ತಿತ್ತ ನೋಡಿ ತಮ್ಮ ಮುಡಿಯಲ್ಲಿದ್ದ ಸೇವಂತಿಗೆಯನ್ನೇ ಕಿತ್ತು ಹಾಕಿದರು. ಹಣೆಗೆ ಕುಂಕುಮ ಹಚ್ಚಿದರು. ಒಂದು ಗಳಿಗೆ ಯಾರೂ ಕೂಗಲಿಲ್ಲ. ಆಮೇಲೆ ಕೆಳಗೆ ಕೂತವರಲ್ಲಿ ಯಾರೋ ಒಬ್ಬಳು ನಾಲಗೆ ಹೊರಳಿಸಿದಳು, ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಎಲ್ಲರೂ. ಈ ಸಲ ಹುಡುಗರು ನಗಲಿಲ್ಲ.

ತುಂಗಾಳ ಬೊಗಸೆಯಲ್ಲಿ ಅಕ್ಕಿ ಹಾಗೆಯೇ ಇತ್ತು. ಸೋತ ಮುದುಕಿ ಬೆಂಚಿನ ಮೇಲೆ ಕೂತುಬಿಟ್ಟಿದ್ದಳು. ಇನ್ನು ಅವಳು ಬಾಯಿ ತೆರೆಯುವಂತಿಲ್ಲ. ಅವಳ ತುಟಿ ಮಾತ್ರ ಅಲುಗುತ್ತಿದ್ದವು, ಮಗನ ಹೆಸರೋ ಏನೋ. ಸ್ವಲ್ಪ ಹೊತ್ತಿನ ಮೇಲೆ ತುಂಗಾ ನಿಂತಿರುವುದು ಅವಳ ಗಮನಕ್ಕೆ ಬಂತು. ಬೆಂಚಿನ ಮೇಲೆ ಒಂದಿಷ್ಟು ಸರಿದು, ಅಂಗೈಯಿಂದ ಹಲಗೆಯ ಧೂಳು ಒರೆಸಿ, ಬಾ ಎಂಬಂತೆ ತನ್ನ ಪಕ್ಕದ ಜಾಗವನ್ನು ತಟ್ಟಿದಳು.

ಜಮಖಾನೆ ಅಲುಗಿತು. ಜಯಾಬಾಯಿ ಬೆವರಿದ ಮುಖವನ್ನಷ್ಟೇ ಈಚೆ ಚಾಚಿದರು. ಆನಂದದಿಂದ ಅವರ ಕಣ್ಣು ಮತ್ತೆ ತುಂಬಿದ್ದವು.

"ಅಕಿನ್ನ ಹ್ಯಾಂಗ ಬಿಟ್ಟಿದ್ದಿ ಮಾರಾಯ್ತಿ, ಇನ್ನೊಂದೀಟಿಗೆ ಮರತೇ ಹೋಗತಿತ್ತು! ಇನ್ನ ಯಾರರೆ ಉಳದಾರೇನು?"

"ಇಲ್ರೀ" ಎಂದಳು ತುಂಗಾ. "ಯಾರೂ ಉಳದಿಲ್ಲ."